ಒಂದು ಮೀಟರ್ ವೈರಿಗೆ ಎಷ್ಟು ಕೊಡಬೇಕು?

ಆ ಬಟನ್ ಒತ್ತಬೇಡ, ಒಂದು ನಿಮಿಷ ತಡಿ. ಫೋನು ಈ ಕಡೆ ಕೊಡು. ಕಾಂಪೌಂಡ್ ಮೇಲೆ ಇಡಬೇಡ, ಪಾಚಿ ಕಟ್ಟಿದೆ, ಜಾರುತ್ತೆ. ಒಂದು ಮೀಟರ್ ಉದ್ದ, ಒಂದು ಜೊತೆ, 18,000 ರೂಪಾಯಿ. ನೋಡೋಕೆ ಚೆನ್ನಾಗೇ ಇದೆ ಬಿಡು, ಮೇಲೆ ನೈಲಾನ್ ಹೆಣಿಗೆ, ತುದಿಗೆ ಚಿನ್ನದ ಲೇಪ. ಆದರೆ ಸಿ.ಡಿ. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗೋ ಒಂದು ವೈರಿಗೆ ಇಷ್ಟು ದುಡ್ಡು ಹಾಕೋದು ಸರಿಯಲ್ಲ ಕಣಪ್ಪ. ಆಂಪ್ಲಿಫೈಯರನ್ನೇ ನೀನು ಸೆಕೆಂಡ್ ಹ್ಯಾಂಡ್‌ನಲ್ಲಿ ಇದಕ್ಕಿಂತ ಕಮ್ಮಿಗೆ ತಂದಿದ್ದೀಯ.

“ಶೋರೂಮಲ್ಲಿ ಕೇಳಿಸಿದ್ರು ಆಂಟಿ. ಮಾಮೂಲಿ ವೈರ್ ತೆಗೆದು ಇದನ್ನ ಹಾಕಿದ ತಕ್ಷಣ ವ್ಯತ್ಯಾಸ ಗೊತ್ತಾಯ್ತು.”

ಗೊತ್ತಾಗಿರುತ್ತೆ, ಇಲ್ಲ ಅನ್ನಲ್ಲ. ಯಾಕೆ ಗೊತ್ತಾಯ್ತು ಅನ್ನೋದು ಬೇರೆ ಮಾತು, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಆ ವೈರಲ್ಲಿ ಏನು ಹರಿಯುತ್ತೆ ಅನ್ನೋದನ್ನ ಹೇಳಿಬಿಡ್ತೀನಿ. ಜಾಲಹಳ್ಳಿ ಬಿಇಎಲ್‌ನಲ್ಲಿ ನಾವು ಹೆಂಗಸರು ಒಂದು ಸಾಲಾಗಿ ಕೂತು ವೈರಿಗೆ ಬೆಸುಗೆ ಹಾಕ್ತಿದ್ದವರು. ವೈರಿನ ವಿಷಯ ಬಂದ್ರೆ ನನಗೆ ಸುಮ್ಮನಿರೋಕೆ ಆಗಲ್ಲ.

ಸಿ.ಡಿ. ಪ್ಲೇಯರ್ ಹಿಂದಿನ ಆ ಎರಡು ತೂತಲ್ಲಿ ಬರೋದು ಹೆಚ್ಚು ಅಂದ್ರೆ 2 ವೋಲ್ಟ್. ಅದನ್ನ ತಗೊಳ್ಳೋ ಆಂಪ್ಲಿಫೈಯರ್ ಕಡೆ 10,000ದಿಂದ 50,000 ಓಮ್ ಪ್ರತಿರೋಧ ಇರುತ್ತೆ. ನಿನ್ನದು 47,000 ಅಂತ ಇಟ್ಕೋ. 2ನ್ನ 47,000ದಿಂದ ಭಾಗಿಸು, ಹರಿಯೋ ಕರೆಂಟು ಒಂದು ಮಿಲಿಆಂಪಿಯರ್‌ನ ಇಪ್ಪತ್ತನೇ ಒಂದು ಭಾಗಕ್ಕೂ ಕಮ್ಮಿ. ಇನ್ನು ಒಂದು ಮೀಟರ್ ತಾಮ್ರದ ಎಳೆ, ತೀರಾ ತೆಳ್ಳಗಿದ್ರೂ, ಒಡ್ಡೋ ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು. 47,000 ಓಮ್ ಇರೋ ಕಡೆ ಅದು ಲೆಕ್ಕಕ್ಕೇ ಬರಲ್ಲ. ‘ಶುದ್ಧ ಬೆಳ್ಳಿ’ ಅಂತ ಬರೆದಿದ್ದಾರಲ್ಲ, ಬೆಳ್ಳಿ ತಾಮ್ರಕ್ಕಿಂತ ಶೇಕಡಾ 6ರಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತೆ, ಅಷ್ಟೇ. ಚಿನ್ನ ತಾಮ್ರಕ್ಕಿಂತ ಕಡಿಮೆ. ಆಮ್ಲಜನಕ ತೆಗೆದ ತಾಮ್ರ ಅಂತಾರಲ್ಲ, ಓಎಫ್‌ಸಿ, ಅದಕ್ಕೂ ಕರೆಂಟಿನ ವೈರಿನ ಮಾಮೂಲಿ ಶುದ್ಧ ತಾಮ್ರಕ್ಕೂ ಇರೋ ಅಂತರ ಶೇಕಡಾ 1ರ ಆಸುಪಾಸು. ಆ 6ನ್ನೂ ಈ 1ನ್ನೂ ನಿನ್ನ ಕಿವಿಗೆ ಮುಟ್ಟಿಸೋ ದಾರಿ ಈ ವೈರಲ್ಲಿ ಇಲ್ಲ.

“ಆದ್ರೆ ಮೇಲಿನ ಸ್ವರಗಳು ಮಂಕಾಗ್ತವೆ ಅಂತಾರಲ್ಲ?”

ಅದು ಒಳ್ಳೇ ಪ್ರಶ್ನೆ. ಒಳಗಿನ ಎಳೆಗೂ ಸುತ್ತಲಿನ ಜಾಲರಿಗೂ ನಡುವೆ ಪ್ಲಾಸ್ಟಿಕ್ ಇದ್ಯಲ್ಲ, ಅದರಿಂದ ವೈರೇ ಒಂದು ಸಣ್ಣ ಕೆಪಾಸಿಟರ್ ಆಗಿಬಿಡುತ್ತೆ. ಮೀಟರಿಗೆ 50ರಿಂದ 200 ಪೈಕೋಫ್ಯಾರಡ್, ಕಟ್ಟಿರೋ ರೀತಿ ಮೇಲೆ ಹೋಗುತ್ತೆ. ತೀರಾ ಕೆಟ್ಟದ್ದನ್ನೇ ಅಂದ್ಕೋಳೋಣ: ವೈರು 200 ಪೈಕೋಫ್ಯಾರಡ್, ಪ್ಲೇಯರ್‌ನ ಔಟ್‌ಪುಟ್ ಪ್ರತಿರೋಧ 1,000 ಓಮ್. ಹಾಗಿದ್ರೂ ಧ್ವನಿ ಇಳಿಯೋಕೆ ಶುರುವಾಗೋದು 8 ಲಕ್ಷ ಹರ್ಟ್ಸ್ ಹತ್ತಿರ. ಮನುಷ್ಯರ ಕಿವಿ ಎಳೇ ವಯಸ್ಸಿನಲ್ಲಿ 20,000ದವರೆಗೆ ಕೇಳುತ್ತೆ, ನಿನ್ನ ವಯಸ್ಸಿಗೆ ಇನ್ನೂ ಕೆಳಗೆ. ಸಿ.ಡಿ. ಪ್ಲೇಯರ್ ವಿಷಯಕ್ಕೆ ಇಲ್ಲಿಗೆ ಮಾತು ಮುಗೀತು. ಗ್ರಾಮಫೋನಿನ ಕಥೆ ಬೇರೆ, ಅಲ್ಲಿ ಈ ಕೆಪಾಸಿಟೆನ್ಸೇ ಮುಖ್ಯ.

ಪೊಟ್ಟಣದ ಮೇಲೆ ಬಾಣದ ಗುರುತೂ ಇದೆ ನೋಡು, ಸಂಗೀತ ಈ ಕಡೆಯಿಂದ ಆ ಕಡೆಗೆ ಹೋಗಬೇಕು ಅಂತ. ಸಂಗೀತದ ವಿದ್ಯುತ್ತು ಒಂದೇ ಕಡೆಗೆ ಹರಿಯೋದಲ್ಲ ಕಣೋ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆ ಕಡೆ ಈ ಕಡೆ ಓಲಾಡುತ್ತೆ. ತಾಮ್ರಕ್ಕೆ ದಿಕ್ಕು ಇಲ್ಲ.

ಹಾಗಂತ ಯಾವ ವೈರಾದ್ರೂ ಆದೀತು ಅಂತ ನಾನು ಹೇಳ್ತಿಲ್ಲ. ರೈಲ್ವೆ ಸ್ಟೇಷನ್ ಮುಂದೆ ಗುಡ್ಡೆ ಹಾಕಿ ಮಾರೋ ವೈರು ನಿನ್ನ ಮನೇಲಿ ಮೂರು ತಿಂಗಳಿಗೆ ಕರಕರ ಅನ್ನೋಕೆ ಶುರು ಮಾಡುತ್ತೆ, ಆಮೇಲೆ ಒಂದು ಕಡೆ ಸ್ಪೀಕರ್ ನಿಂತೇ ಹೋಗುತ್ತೆ. ಅದಕ್ಕೆ ತಾಮ್ರ ಕಾರಣ ಅಲ್ಲ. ತುದಿಯಲ್ಲಿ ಎಳೆ ಪಿನ್ನಿಗೆ ಸೇರೋ ಜಾಗ ಕಾರಣ. ನೂರರಲ್ಲಿ ತೊಂಬತ್ತು ವೈರು ಕೆಡೋದು ತುದಿಯಲ್ಲೇ ಅಂತ ನಮ್ಮ ಲೈನಿನ ಇನ್‌ಸ್ಪೆಕ್ಟರ್ ಹೇಳ್ತಿದ್ರು. ಬೆಸುಗೆ ಅಂದ್ರೆ ಹೇಗಿರಬೇಕು ಗೊತ್ತಾ? ಲೆಡ್ ಕರಗಿ ತಂತಿಯ ಎಳೆಗಳ ನಡುವೆ ತಾನಾಗೇ ಇಳೀಬೇಕು. ಆರಿದ ಮೇಲೆ ನಯವಾಗಿ ಹೊಳೀಬೇಕು, ಅಂಚು ತೆಳ್ಳಗೆ ಲೋಹಕ್ಕೆ ಹತ್ತಿಕೊಂಡಿರಬೇಕು, ಒಳಗಿನ ಎಳೆಗಳ ಆಕಾರ ಹೊರಗೆ ಕಾಣಬೇಕು. ಬೂದು ಬಣ್ಣಕ್ಕೆ ತಿರುಗಿ ಗುಂಡಗೆ ಉಂಡೆ ಕಟ್ಟಿದ್ರೆ ಅದು ಡ್ರೈ ಸೋಲ್ಡರ್. ಲೋಹ ಕಾಯೋಕೆ ಮುಂಚೆ ಲೆಡ್ ಹಾಕಿರ್ತಾರೆ, ಇಲ್ಲ ಆರೋವಾಗ ಕೈ ಅಲುಗಾಡಿಸಿರ್ತಾರೆ. ಮೇಲ್ನೋಟಕ್ಕೆ ಸೇರಿದಂತೆ ಕಾಣುತ್ತೆ, ಒಳಗೆ ಸೇರಿರಲ್ಲ. ಅಂಥದ್ದು ಒಂದು ಇದ್ರೂ ನಮ್ಮ ಮೇಜಿನಿಂದ ಆ ತುಂಡು ಮುಂದಕ್ಕೆ ಹೋಗ್ತಿರಲಿಲ್ಲ.

ಅಂಗಡಿಯಲ್ಲಿ ಅಚ್ಚು ಹಾಕಿ ಮುಚ್ಚಿರೋ ಪಿನ್ ಸಿಗುತ್ತಲ್ಲ, ರಬ್ಬರಿನಲ್ಲಿ ಎರಕ ಹೊಯ್ದಿರೋದು, ಅದರೊಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಆದ್ದರಿಂದ ನಾನು ಹೇಳೋದು, ತಿರುಪಿ ಬಿಚ್ಚಬಹುದಾದ ಕ್ಯಾಪ್ ಇರೋ ಪಿನ್ ತಗೋ. ಬಿಚ್ಚು, ಬೆಸುಗೆ ನೋಡು, ಹೊರಗಿನ ಸಿಪ್ಪೆಯನ್ನ ಕ್ಲಾಂಪ್ ಗಟ್ಟಿಯಾಗಿ ಹಿಡಿದಿದ್ಯಾ ನೋಡು. ವೈರನ್ನ ಜಗ್ಗಿದ್ರೆ ಆ ಜಗ್ಗು ಕ್ಲಾಂಪಿಗೆ ಹೋಗಬೇಕು, ಬೆಸುಗೆಗೆ ಹೋಗಬಾರದು.

ಈ ಆರ್‌ಸಿಎ ಪಿನ್ ಇದ್ಯಲ್ಲ, ಇದು ಇವತ್ತಿನದಲ್ಲ. 1930ರ ದಶಕದಲ್ಲಿ ಅಮೆರಿಕದ ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ ಅನ್ನೋ ಕಂಪನಿ ತನ್ನ ರೇಡಿಯೋ ಪೆಟ್ಟಿಗೆಗಳಿಗೆ ಅಂತ ಮಾಡಿದ್ದು. ಅಗ್ಗವಾಗಿರಲಿ, ಒಳಗಡೆ ಒಂದು ಸಲ ಸಿಕ್ಕಿಸಿ ಬಿಟ್ರೆ ಸಾಕು ಅನ್ನೋ ಹಾಗೆ. ಕಂಪನಿ ಹೋದ್ರೂ ಪಿನ್ನು ಉಳೀತು. ನಿಮ್ಮಪ್ಪನ ಕಾಲದ ಫಿಲಿಪ್ಸ್ ಸೆಟ್ಟುಗಳ ಹಿಂದೆ ಐದು ಕಡ್ಡಿಯ ದುಂಡನೆ ಡಿನ್ ಸಾಕೆಟ್ ಇರ್ತಿತ್ತು, ಅದು ಮಾಯವಾಯ್ತು. ಆರ್‌ಸಿಎಗೆ ಒಂದು ದೋಷ ಹುಟ್ಟಿನಿಂದಲೇ ಇದೆ: ಸಿಕ್ಕಿಸುವಾಗ ನಡುವಿನ ಕಡ್ಡಿ ಮೊದಲು ತಾಗುತ್ತೆ, ಹೊರಗಿನ ಬಳೆ ಆಮೇಲೆ. ಆ ಕ್ಷಣದಲ್ಲಿ ಆಂಪ್ಲಿಫೈಯರ್ ಆನ್ ಇದ್ರೆ ಸ್ಪೀಕರಿನಲ್ಲಿ ಢಂ ಅಂತ ಬರುತ್ತೆ, ಟ್ವೀಟರ್ ಸುಟ್ಟುಹೋಗಬಹುದು. ವೈರು ಮುಟ್ಟೋಕೆ ಮುಂಚೆ ಆಂಪ್ ಆಫ್ ಮಾಡೋದನ್ನ ರೂಢಿ ಮಾಡ್ಕೋ. ಇನ್ನೊಂದು, ಈಗೀಗ ಬರ್ತಾ ಇರೋ ದಪ್ಪ ಪಿನ್ನುಗಳು ಸಾಕೆಟ್ಟನ್ನ ಕಚ್ಚಿ ಹಿಡ್ಕೊಳ್ತವೆ. ಗಟ್ಟಿ ಹಿಡಿದ್ರೆ ಒಳ್ಳೇದು ಅನ್ನಿಸುತ್ತೆ, ಆದರೆ ಕೀಳೋವಾಗ ನಿನ್ನ ಹಳೇ ಆಂಪಿನ ಸಾಕೆಟ್ಟು ಒಳಗಿನ ಬೋರ್ಡಿನಿಂದಲೇ ಕಿತ್ತು ಬರಬಹುದು. ಹಗುರವಾದ, ಹದವಾಗಿ ಕೂರೋ ಪಿನ್ನೇ ಲೇಸು.

“ಹಾಗಾದ್ರೆ ಯಾವುದು ತಗೊಳ್ಳಲಿ? ಹೇಳಿಬಿಡಿ, ಶನಿವಾರ ಎಸ್.ಪಿ. ರೋಡಿಗೆ ಹೋಗ್ತೀನಿ.”

ಶನಿವಾರವೇ ಹೋಗು, ಭಾನುವಾರ ಅಲ್ಲಿ ಬಹಳ ಅಂಗಡಿ ಬಾಗಿಲು ಹಾಕಿರುತ್ತೆ. ಒಳ್ಳೇ ಮೈಕ್ ವೈರ್ ಕೇಳು, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ. ಒಳಗೆ ಎರಡು ಎಳೆ, ಸುತ್ತ ಹೆಣೆದ ತಾಮ್ರದ ಜಾಲರಿ. ಜಪಾನಿನ ಮೊಗಾಮಿ, ಕ್ಯಾನರೆ, ಅಮೆರಿಕದ ಬೆಲ್ಡನ್ ಇವೆಲ್ಲ ಹೆಸರಾಂತವು. ಅಸಲಿ ಸಿಕ್ಕಿದ್ರೆ ತಗೋ, ನಕಲೂ ಇರುತ್ತೆ, ಬಿಲ್ ಕೊಡೋ ಅಂಗಡೀಲೇ ತಗೋ. ಪಿನ್ನಿಗೆ ರೀನ್ ಅಂತ ಬರುತ್ತೆ, ನ್ಯೂಟ್ರಿಕ್ ಕಂಪನಿಯವರೇ ಮಾಡೋ ಅಗ್ಗದ ಸಾಲು, ಚೆನ್ನಾಗಿದೆ. ನಾಲ್ಕು ಪಿನ್ನು, ಎರಡು ಮೀಟರ್ ವೈರು, ಒಂದು ಜೊತೆಗೆ ಸಾಕು. ನೀನು ತೋರಿಸಿದ ಬೆಲೆಯ ಹತ್ತನೇ ಒಂದು ಭಾಗ ದಾಟಿದ್ರೆ ನನ್ನನ್ನ ಕೇಳು. ಅಷ್ಟೂ ಬೇಡ ಅಂದ್ರೆ ಹೆಸರಿಲ್ಲದ ಮೈಕ್ ವೈರೇ ನೋಡಿ ತಗೊಂಡ್ರೂ ಆಗುತ್ತೆ.

ಹೇಗೆ ನೋಡಬೇಕು ಅಂದ್ರೆ, ಒಂದು ಸಣ್ಣ ಮ್ಯಾಗ್ನೆಟ್ಟೂ ಒಂದು ಬ್ಲೇಡೂ ಜೇಬಲ್ಲಿ ಇಟ್ಕೊಂಡು ಹೋಗು. ವೈರಿನ ತುದಿ ಬಿಡಿಸಿ ಎಳೆಗೆ ಮ್ಯಾಗ್ನೆಟ್ ಹಿಡಿ. ಅಂಟಿಕೊಂಡ್ರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಅಂಟದೇ ಇದ್ರೆ ಬ್ಲೇಡಿನಿಂದ ಮೆಲ್ಲಗೆ ಕೆರೆ. ಒಳಗೆ ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ, ಸಿಸಿಎ ಅಂತಾರೆ. ತವರ ಲೇಪಿಸಿದ ಒಳ್ಳೇ ತಾಮ್ರವೂ ಮೇಲೆ ಬೆಳ್ಳಗೇ ಇರುತ್ತೆ, ಅದನ್ನ ಕೆರೆದ್ರೆ ಒಳಗೆ ಕೆಂಪು ಕಾಣುತ್ತೆ, ಗೊಂದಲ ಮಾಡ್ಕೋಬೇಡ. ಮನೆ ಮೇಲೆ ಡಿಶ್‌ಗೆ ಹಾಕಿ ಉಳಿದಿರೋ ಆರ್‌ಜಿ-6 ವೈರಿನ ತುಂಡಲ್ಲಿ ಮಾಡಬಹುದಾ ಅಂತ ನೀನು ಕೇಳೇ ಕೇಳ್ತೀಯ. ಬೇಡ. ಅದರ ಜಾಲರಿ ಬಹುಪಾಲು ಅಲ್ಯೂಮಿನಿಯಂ, ಲೆಡ್ ಹಿಡಿಯಲ್ಲ. ಟಿವಿಯ ಎತ್ತರದ ಆವರ್ತನಕ್ಕೆ ಮಾಡಿದ್ದು ಅದು, ನಮ್ಮ 50 ಹರ್ಟ್ಸ್ ಗುಂಯ್‌ಗುಟ್ಟೋದನ್ನ ತಡೆಯೋ ಕೆಲಸಕ್ಕೆ ದಟ್ಟವಾದ ತಾಮ್ರದ ಜಾಲರಿಯೇ ಬೇಕು.

ಈ ಜಾಲರಿ ವಿಷಯ ಸ್ವಲ್ಪ ಗಮನ ಇಟ್ಟು ಕೇಳು, ಅಂಗಡಿಯವರು ಹೇಳದೇ ಇರೋದು ಇದೇ. ಆರ್‌ಸಿಎ ವೈರಿನಲ್ಲಿ ಜಾಲರಿ ಬರೀ ಕಾವಲಲ್ಲ, ಸಂಗೀತ ಹಿಂದಿರುಗೋ ದಾರಿಯೂ ಅದೇ. ಎರಡು ಪೆಟ್ಟಿಗೆಗಳ ನಡುವೆ ಕರೆಂಟಿನ ಸಣ್ಣ ಸೋರಿಕೆ ಯಾವಾಗಲೂ ಹರೀತಾ ಇರುತ್ತೆ, ಅದೂ ಇದೇ ಜಾಲರಿಯಲ್ಲಿ. ಜಾಲರಿಯ ಪ್ರತಿರೋಧ ಎಷ್ಟಿದ್ಯೋ ಅಷ್ಟು ಗುಂಯ್‌ಗುಟ್ಟೋದು ಸಂಗೀತದ ಜೊತೆ ಸೇರುತ್ತೆ. ಆದ್ದರಿಂದ ತಾಮ್ರ ಎಲ್ಲಾದ್ರೂ ಲೆಕ್ಕಕ್ಕೆ ಬರೋದಾದ್ರೆ ಹೊರಗಿನ ಜಾಲರಿಯಲ್ಲಿ, ನಡುವಿನ ಎಳೆಯಲ್ಲಲ್ಲ. ಮೈಕ್ ವೈರಿನ ಎರಡು ಎಳೆಯಲ್ಲಿ ಒಂದನ್ನ ನಡುವಿನ ಕಡ್ಡಿಗೆ ಹಾಕು, ಇನ್ನೊಂದನ್ನ ಜಾಲರಿ ಜೊತೆ ಸೇರಿಸಿ ಹೊರಬಳೆಗೆ ಹಾಕು. ಎರಡೂ ತುದಿಯಲ್ಲೂ ಹಾಗೇ. ಜಾಲರಿಯನ್ನ ಒಂದೇ ಕಡೆ ಸೇರಿಸಿ ಇನ್ನೊಂದು ಕಡೆ ಕತ್ತರಿಸಿ ಬಿಡಬೇಕು ಅನ್ನೋರೂ ಇದ್ದಾರೆ. ಅದು ಸ್ಟುಡಿಯೋದ ಮೂರು ಕಡ್ಡಿ ಎಕ್ಸ್‌ಎಲ್‌ಆರ್ ಲೋಕದಿಂದ ಬಂದ ಯೋಚನೆ. ಆರ್‌ಸಿಎಗೆ ಎರಡೂ ಕಡೆ ಸೇರಿಸಿದ್ರೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಸ್ಟುಡಿಯೋ ಅಂದಾಗ ನೆನಪಾಯ್ತು. ನೀನು ಅಷ್ಟು ಪ್ರೀತಿಯಿಂದ ಕೇಳ್ತೀಯಲ್ಲ ಭೀಮಸೇನ ಜೋಶಿಯವರ ರೆಕಾರ್ಡು, ಆ ಧ್ವನಿ ಮೈಕಿನಿಂದ ಹೊರಟಾಗ ಕೆಲವೇ ಮಿಲಿವೋಲ್ಟ್. ಅಲ್ಲಿಂದ ಮಿಕ್ಸರಿನ ತನಕ ಹತ್ತಾರು ಮೀಟರ್ ಮೈಕ್ ವೈರಿನಲ್ಲಿ ಹಾದು ಬಂದಿದೆ. ಜಗತ್ತಿನ ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲೂ ಇದೇ ಥರದ್ದು, ಉರುಳೆಗಟ್ಟಲೆ ತಂದು ಗೋಡೆಯೊಳಗೆ ಎಳೆದಿರ್ತಾರೆ. ಧ್ವನಿಯನ್ನ ಹಿಡಿದಿಟ್ಟವರಿಗೆ ಸಾಕಾದ ವೈರು ಕೇಳೋ ನಮಗೂ ಸಾಕು.

“ಸರಿ, ಸಿ.ಡಿ.ಗೆ ಆಯ್ತು. ಅಪ್ಪಾಜಿಯ ಟರ್ನ್‌ಟೇಬಲ್?”

ಅಲ್ಲಿ ನೋಡು ಜೋಪಾನವಾಗಿರಬೇಕಾದ್ದು. ಕಾರ್ಟ್ರಿಜ್‌ನಿಂದ ಬರೋದು 4-5 ಮಿಲಿವೋಲ್ಟ್ ಅಷ್ಟೇ, ಸಿ.ಡಿ. ಪ್ಲೇಯರಿನ ನಾನೂರನೇ ಒಂದು ಭಾಗ. ಅದರೊಳಗೆ ಕೂದಲೆಳೆಯಷ್ಟು ತೆಳ್ಳನೆ ತಂತಿಯ ಸುರುಳಿ ಇರುತ್ತೆ, ಸಾವಿರಾರು ಸುತ್ತು. ಆ ಸುರುಳಿಯೂ ವೈರಿನ ಕೆಪಾಸಿಟೆನ್ಸೂ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಕಡೆ ಉಬ್ಬು ತರ್ತವೆ, ಆಮೇಲೆ ಥಟ್ಟನೆ ಇಳಿಸ್ತವೆ. ಆದ್ದರಿಂದಲೇ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಮಾಡೋರು ಇಷ್ಟೇ ಕೆಪಾಸಿಟೆನ್ಸ್ ಇರಲಿ ಅಂತ ಬರೆದೇ ಕೊಡ್ತಾರೆ. ಆಡಿಯೋ ಟೆಕ್ನಿಕಾದ ವಿಎಂ-95 ಸಾಲಿಗೆ 100ರಿಂದ 200 ಪೈಕೋಫ್ಯಾರಡ್, ಆರ್ಟೋಫಾನಿನ 2ಎಂ ಸಾಲಿಗೆ 150ರಿಂದ 300. ಇದರಲ್ಲಿ ಟೋನ್ ಆರ್ಮ್ ಒಳಗಿನ ತಂತಿ, ನಿನ್ನ ವೈರು, ಫೋನೋ ಪ್ರೀಆಂಪ್ ಒಳಗಿರೋ ಕೆಪಾಸಿಟರ್, ಮೂರೂ ಸೇರಿ ಲೆಕ್ಕ. ಮೀಟರಿಗೆ 200 ಇರೋ ದಪ್ಪ ವೈರು ಎರಡು ಮೀಟರ್ ಹಾಕಿದ್ಯೋ, ಲೆಕ್ಕ ತಪ್ಪಿತು. ವೀಣೆಯ ಮೀಟು, ಮೃದಂಗದ ಚಾಪು ಎರಡೂ ಬೇರೆ ಥರ ಕೇಳಿಸ್ತವೆ. ದುಬಾರಿ ವೈರು ಹಾಕಿ ಇಲ್ಲಿ ನಷ್ಟ ಮಾಡ್ಕೊಂಡೋರು ಉಂಟು, ಯಾಕಂದ್ರೆ ಹೆಣಿಗೆ ಹೆಚ್ಚಾದಷ್ಟೂ ಕೆಪಾಸಿಟೆನ್ಸ್ ಏರೋದು ಸಾಮಾನ್ಯ.

ಟರ್ನ್‌ಟೇಬಲ್ಲಿಗೆ ಮೈಕ್ ವೈರು ಬೇಡ, ಕೆಪಾಸಿಟೆನ್ಸ್ ಕಮ್ಮಿ ಇರೋ ಕೋಆಕ್ಸಿಯಲ್ ಬೇಕು. ತಾಮ್ರದ ಜಾಲರಿಯ ಆರ್‌ಜಿ-59 ಮಾದರಿಯದ್ದು ಮೀಟರಿಗೆ 67 ಪೈಕೋಫ್ಯಾರಡ್ ಆಸುಪಾಸು ಇರುತ್ತೆ. ಮೆತ್ತಗೆ ಬಾಗೋ ಥರದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಅಂಗಡಿಯವರ ಮಾತಿನ ಮೇಲೇ ಹೋಗಬೇಕಾಗಿಲ್ಲ. ನಿನ್ನ ಹತ್ತಿರ ಕೆಪಾಸಿಟರ್ ಅಳೆಯೋ ಮಲ್ಟಿಮೀಟರ್ ಇದ್ಯಲ್ಲ, ವೈರಿನ ಒಂದು ತುದಿ ಬಿಟ್ಟು ಇನ್ನೊಂದು ತುದಿಯಲ್ಲಿ ಕಡ್ಡಿಗೂ ಬಳೆಗೂ ಮೀಟರಿನ ಕಡ್ಡಿ ಹಿಡಿ, ಅಂಕಿ ತಾನಾಗೇ ಬರುತ್ತೆ. ಉದ್ದ ಒಂದು ಮೀಟರ್ ದಾಟಿಸಬೇಡ. ಟರ್ನ್‌ಟೇಬಲ್ಲಿನಿಂದ ಬರೋ ಹಸಿರು ಅರ್ತ್ ವೈರನ್ನ ಆಂಪಿನ ತಿರುಪಿಗೆ ಬಿಗಿ ಮಾಡೋದು ಮರೀಬೇಡ.

“ಅದು ಬಿಗಿ ಮಾಡಿದ್ರೂ ಗುಂಯ್ ಅನ್ನುತ್ತೆ ಆಂಟಿ. ಅದಕ್ಕೇ ಒಳ್ಳೇ ವೈರು ಹುಡುಕಿದ್ದು.”

ಓ, ನಿಜವಾದ ಕಾರಣ ಈಗ ಹೊರಗೆ ಬಂತು. ನಮ್ಮ ಕರೆಂಟು 50 ಹರ್ಟ್ಸ್. ಹಮ್ ಬಂದಾಗ 50 ಒಂದೇ ಬರಲ್ಲ, 100, 150, 200 ಎಲ್ಲಾ ಸೇರಿ ಬರ್ತವೆ. ಐದು ಮನೆ ಶ್ರುತಿಯಲ್ಲಿ ಹಾಡೋ ಗಾಯಕಿಯ ರೆಕಾರ್ಡು ಹಾಕಿ ನೋಡು. ಅವರ ಷಡ್ಜ 196 ಹರ್ಟ್ಸ್, ಪಕ್ಕದಲ್ಲೇ ಈ 200 ಕೂತಿರುತ್ತೆ. ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ಅಲೆ ಏಳಿಸ್ತವೆ. ತಂಬೂರಿ ನಿಂತಿದ್ರೂ ಏನೋ ಅಲುಗಾಡ್ತಿದೆ ಅನ್ನಿಸುತ್ತೆ. ಶ್ರುತಿ ಶುದ್ಧವಾಗಿ ಕೂರಿಸೋಕೆ ಅವರು ಎಷ್ಟು ವರ್ಷ ಕಷ್ಟಪಟ್ಟಿದ್ದಾರೆ, ನಮ್ಮ ಮನೆಯ ಕರೆಂಟು ಬಂದು ಅದನ್ನ ಕೆಡಿಸೋದು ನನಗೆ ನಿಜವಾಗಲೂ ಸಂಕಟ. ಇದನ್ನ ಸರಿ ಮಾಡಲೇಬೇಕು, ಆದರೆ 18,000ದ ವೈರಿನಿಂದ ಇದು ಹೋಗಲ್ಲ.

ಒಂದು ಕೆಲಸ ಮಾಡು. ಟಿವಿಯನ್ನೂ ಆಂಪಿಗೆ ಸೇರಿಸಿದ್ದೀಯಲ್ಲ? ಸೆಟ್ ಟಾಪ್ ಬಾಕ್ಸಿನ ಹಿಂದಿನ ಕೇಬಲನ್ನ ತಿರುಪಿ ಬಿಚ್ಚು. ಹಮ್ ನಿಂತುಹೋದ್ರೆ ಕಳ್ಳ ಸಿಕ್ಕಿದ ಹಾಗೆ. ಹೊರಗಿನಿಂದ ಬರೋ ಆ ಕೇಬಲ್ಲಿಗೆ ಅದರದೇ ಒಂದು ಅರ್ತ್, ನಿನ್ನ ಗೋಡೆಯ ಪ್ಲಗ್ಗಿಗೆ ಇನ್ನೊಂದು ಅರ್ತ್, ಎರಡರ ನಡುವೆ ಸುತ್ತು ಬಿದ್ದು ಕರೆಂಟು ನಿನ್ನ ಆರ್‌ಸಿಎ ಜಾಲರಿಯಲ್ಲಿ ಹರೀತಾ ಇರುತ್ತೆ. ಇದನ್ನೇ ಗ್ರೌಂಡ್ ಲೂಪ್ ಅನ್ನೋದು. ಟಿವಿಯಿಂದ ಆಂಪಿಗೆ ಆಪ್ಟಿಕಲ್ ವೈರು ಹಾಕು, ಟೋಸ್‌ಲಿಂಕ್ ಅಂತ, 1983ರಲ್ಲಿ ತೋಷಿಬಾದವರು ತಂದಿದ್ದು. ಬೆಳಕಿನಲ್ಲಿ ಹೋಗೋದ್ರಿಂದ ಲೋಹದ ಸಂಬಂಧವೇ ಇಲ್ಲ, ಸುತ್ತು ಮುರಿದುಹೋಗುತ್ತೆ. ನಿನ್ನ ಹಳೇ ಆಂಪಿಗೆ ಆಪ್ಟಿಕಲ್ ತೂತು ಇಲ್ದೇ ಇದ್ರೆ ನಡುವೆ ಒಂದು ಸಣ್ಣ ಡ್ಯಾಕ್ ಪೆಟ್ಟಿಗೆ ಬೇಕಾಗುತ್ತೆ. ಅದೂ ಬೇಡ ಅಂದ್ರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಗುತ್ತೆ, ಟಿವಿಯ ಧ್ವನಿಗೆ ಸಾಕು. ಮತ್ತೆ ಎಲ್ಲಾ ಪೆಟ್ಟಿಗೆಗಳಿಗೂ ಒಂದೇ ಗೋಡೆಯ ಪಾಯಿಂಟಿನಿಂದ ಕರೆಂಟು ಕೊಡು, ಒಂದು ಇಲ್ಲಿಂದ ಒಂದು ಅಲ್ಲಿಂದ ಬೇಡ.

ಆದರೆ ಒಂದು ಮಾತು, ಕೈ ಮುಗಿದು ಹೇಳ್ತೀನಿ. ಹಮ್ ಹೋಗಲಿ ಅಂತ ಪ್ಲಗ್ಗಿನ ದೊಡ್ಡ ಪಿನ್ನು, ಅರ್ತ್ ಪಿನ್ನು, ಕತ್ತರಿಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡ. ಹಮ್ ಹೋಗೋದು ನಿಜ. ಆದರೆ ಒಳಗಡೆ ಒಂದು ದಿನ ಇನ್ಸುಲೇಷನ್ ಕಿತ್ತು ಫೇಸ್ ವೈರು ತಗಡಿಗೆ ತಾಗಿದ್ರೆ, ಆ ತಗಡನ್ನ ಮುಟ್ಟೋ ಕೈ ನಿನ್ನ ಮಗೂದಾಗಿರಬಹುದು. ಅದರ ಮುಂದೆ ಯಾವ ಸಂಗೀತವೂ ದೊಡ್ಡದಲ್ಲ.

ಈಗ ಶೋರೂಮಿನ ಮಾತು. ನಿನ್ನ ಕಿವಿ ಸುಳ್ಳು ಹೇಳಿತು ಅಂತ ನಾನು ಹೇಳಲ್ಲ. ಹೊಸ ವೈರು ಹಾಕೋಕೆ ಹಳೇದನ್ನ ಕಿತ್ರಲ್ಲ, ಆ ಕೀಳೋದು ಹಾಕೋದರಲ್ಲೇ ಸಾಕೆಟ್ಟಿನ ಕಿಲುಬು ಉಜ್ಜಿ ಹೋಗುತ್ತೆ, ಸಂಪರ್ಕ ಚೊಕ್ಕಟವಾಗುತ್ತೆ. ಹಳೇ ವೈರನ್ನೇ ಕಿತ್ತು ಮತ್ತೆ ಹಾಕಿದ್ರೂ ಅಷ್ಟು ಲಾಭ ಸಿಕ್ತಿತ್ತು. ಎರಡನೇದು, ಧ್ವನಿ ಒಂದು ಚೂರು ಜಾಸ್ತಿ ಆದ್ರೂ ಕಿವಿಗೆ ಅದು ಜಾಸ್ತಿ ಅನ್ನಿಸಲ್ಲ, ಚೆನ್ನಾಗಿದೆ ಅನ್ನಿಸುತ್ತೆ. 1983ರ ಆಗಸ್ಟಿನಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಬಂದಿತ್ತು, ಸ್ಪೀಕರ್ ವೈರಿನ ಮೇಲೆ. ದುಬಾರಿ ದಪ್ಪ ವೈರು, ದೀಪಕ್ಕೆ ಹಾಕೋ 16 ಗೇಜಿನ ಮಾಮೂಲಿ ವೈರು, ತೀರಾ ತೆಳ್ಳನೆ 24 ಗೇಜಿನ ವೈರು. ಯಾವುದು ಹಾಕಿದೆ ಅಂತ ಕೇಳೋರಿಗೆ ಹೇಳಿರಲಿಲ್ಲ. ಸಂಗೀತ ಕೇಳಿಸಿದಾಗ ದುಬಾರಿಯದ್ದಕ್ಕೂ 16 ಗೇಜಿನದ್ದಕ್ಕೂ ವ್ಯತ್ಯಾಸ ಹೇಳೋಕೆ ಅವರಿಗೆ ಆಗಲಿಲ್ಲ. ಬರೀ ಸದ್ದಿನ ಪರೀಕ್ಷೆಯಲ್ಲಿ 24 ಗೇಜಿನದ್ದು ಸಿಕ್ಕಿಬಿತ್ತು, ಯಾಕಂದ್ರೆ ಅದರ ಪ್ರತಿರೋಧಕ್ಕೆ ಧ್ವನಿ ಮಟ್ಟವೇ ಇಳಿದಿತ್ತು.

ನಿನಗೆ ನಂಬಿಕೆ ಬರದೇ ಇದ್ರೆ ಮನೆಯಲ್ಲೇ ಮಾಡಿ ನೋಡು. ಸ್ನೇಹಿತರ ಹತ್ತಿರ ದುಬಾರಿ ವೈರು ಒಂದು ದಿನಕ್ಕೆ ಇಸ್ಕೋ. ನೀನು ಗೋಡೆ ಕಡೆ ತಿರುಗಿ ಕೂರು, ನಿನ್ನ ಹೆಂಡತಿ ಪ್ರತಿ ಸಲ ನಾಣ್ಯ ಚಿಮ್ಮಿ ಯಾವುದು ಬಂತೋ ಆ ವೈರು ಹಾಕಲಿ, ವಾಲ್ಯೂಮ್ ಮುಟ್ಟಬಾರದು. ಪ್ರತಿ ಸಲವೂ ಎರಡನ್ನೂ ಕಿತ್ತು ಹಾಕಬೇಕು, ಸದ್ದಿನಿಂದ ಸುಳಿವು ಸಿಗಬಾರದು. ಹತ್ತು ಸಲ ಮಾಡಿ, ನಿನ್ನ ಉತ್ತರ ನೀನು ಬರ್ಕೋ, ಅವಳದ್ದು ಅವಳು ಬರ್ಕೊಳ್ಳಲಿ. ಸುಮ್ಮನೆ ಊಹೆ ಮಾಡಿದ್ರೂ ಐದಾರು ಸರಿಯಾಗೋದು ಸಹಜ. ಎಂಟು ಅಥವಾ ಹೆಚ್ಚು ಸರಿಯಾಗೋ ಸಂಭವ ಊಹೆಯಲ್ಲೂ ಶೇಕಡಾ 5ಕ್ಕಿಂತ ಜಾಸ್ತಿ ಇದೆ. ಒಂಬತ್ತು ಅಥವಾ ಹತ್ತು ಬಂತು ಅನ್ನು, ಅದು ಶೇಕಡಾ 1ರಷ್ಟು ಮಾತ್ರ, ಆಗ ನಾನೇ ಬಂದು ಕೂತು ಕಾರಣ ಹುಡುಕ್ತೀನಿ.

ಸ್ಪೀಕರ್ ವೈರಿಗೆ ನಿಯಮ ಬೇರೆ, ಅಲ್ಲಿ ಕರೆಂಟು ಜಾಸ್ತಿ ಹರಿಯುತ್ತೆ. ನಿನ್ನ ಕೋಣೆಗೆ 1.5 ಚದರ ಮಿ.ಮೀ. ಅಸಲಿ ತಾಮ್ರದ ಎರಡೆಳೆ ವೈರು ಧಾರಾಳ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹಾಕು.

“ಚಿನ್ನದ ಲೇಪ ಪೂರ್ತಿ ವೇಸ್ಟಾ ಹಾಗಾದ್ರೆ?”

ಇಲ್ಲ ಕಣೋ, ಅದಕ್ಕೊಂದು ಕೆಲಸ ಇದೆ. ಚಿನ್ನಕ್ಕೆ ಕಿಲುಬು ಹಿಡಿಯಲ್ಲ. ನನ್ನ ತಂಗಿ ಮನೆ ಕುಂದಾಪುರದಲ್ಲಿ, ಸಮುದ್ರದ ಗಾಳಿ ಮನೆಯೊಳಗೇ ಬರುತ್ತೆ. ಅಲ್ಲಿ ಒಂದು ಮಳೆಗಾಲ ಕಳೆದ್ರೆ ಬರೀ ಹಿತ್ತಾಳೆಯ ಪಿನ್ನು ಹಸಿರು ತಿರುಗುತ್ತೆ. ಅವಳಿಗೆ ಚಿನ್ನದ ಲೇಪದ್ದೇ ತಗೋ ಅಂದಿದ್ದೆ. ಬೆಂಗಳೂರಿನ ಒಣ ಹವೆಗೆ ಒಳ್ಳೇ ನಿಕಲ್ ಲೇಪವೂ ಬಾಳುತ್ತೆ. ಲೇಪ ಎಷ್ಟು ತೆಳ್ಳಗಿರುತ್ತೆ ಅಂದ್ರೆ ಅದಕ್ಕಾಗೋ ಚಿನ್ನದ ಖರ್ಚು ತೀರಾ ಅಲ್ಪ, ಹಾಗಾಗಿ ಚಿನ್ನ ಇದೆ ಅಂತ ಸಾವಿರಗಟ್ಟಲೆ ಕೇಳಿದ್ರೆ ಕೊಡಬೇಡ. ಯಾವುದೇ ಇರಲಿ, ವರ್ಷಕ್ಕೊಂದೆರಡು ಸಲ ಪಿನ್ ಕಿತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಬಟ್ಟೆಯಿಂದ ಒರೆಸು. ಹುಣಸೆಹಣ್ಣು, ಪೀತಾಂಬರಿ ಹತ್ತಿರಕ್ಕೆ ತರಬೇಡ. ದೇವರ ಮನೆಯ ತಾಮ್ರದ ಚೊಂಬಿಗೆ ಸರಿ, ಇಲ್ಲಿ ಹುಳಿ ಉಳಿದು ಲೇಪ ತಿಂದುಬಿಡುತ್ತೆ.

ಉಳಿಯೋ ದುಡ್ಡಿನಲ್ಲಿ ಮೊದಲು ಟರ್ನ್‌ಟೇಬಲ್ಲಿನ ಸೂಜಿ ಬದಲಾಯಿಸು. ಇದನ್ನ ಮುಂದಕ್ಕೆ ಹಾಕಬೇಡ. ಸೂಜಿಗೆ ಅದರ ಆಕಾರ ನೋಡಿ 300ರಿಂದ 1000 ಗಂಟೆ ಆಯಸ್ಸು ಅಂತಾರೆ. ನಿಮ್ಮಪ್ಪ ಕೊನೇ ಸಲ ಯಾವಾಗ ಬದಲಾಯಿಸಿದ್ರೋ ನಿನಗೂ ಗೊತ್ತಿಲ್ಲ. ಸವೆದ ಸೂಜಿ ಕೇಳೋದನ್ನ ಮಾತ್ರ ಕೆಡಿಸಲ್ಲ, ಹಾಕಿದಷ್ಟು ಸಲವೂ ರೆಕಾರ್ಡಿನ ಗೆರೆಯನ್ನೇ ಕೊರೆದು ಹಾಳು ಮಾಡುತ್ತೆ. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಎಚ್‌ಎಂವಿಯವರು ಒತ್ತಿದ ಆ ತಟ್ಟೆಗಳನ್ನ ಮತ್ತೆ ಯಾರೂ ಅಲ್ಲಿ ಹಾಗೆ ಒತ್ತಿಕೊಡಲ್ಲ. ವೈರು ಕೆಟ್ರೆ ಇನ್ನೊಂದು ಬರುತ್ತೆ, ಅದು ಬರಲ್ಲ. ಆಮೇಲೆ ಸ್ಪೀಕರನ್ನ ಗೋಡೆಯಿಂದ ಒಂದಡಿ ಮುಂದೆ ತಂದು, ಟ್ವೀಟರ್ ನಿನ್ನ ಕಿವಿ ಮಟ್ಟಕ್ಕೆ ಬರೋ ಹಾಗೆ ಸ್ಟ್ಯಾಂಡ್ ಮಾಡಿಸು, ನೆಲಕ್ಕೆ ಒಂದು ಜಮಖಾನ ಹಾಸು. ಅದರಿಂದ ಆಗೋ ವ್ಯತ್ಯಾಸ ನಿನ್ನ ಮಗೂಗೂ ಗೊತ್ತಾಗುತ್ತೆ. ಈಗ ಟಿವಿ ಸ್ಟ್ಯಾಂಡಿನ ಖಾನೆಯೊಳಗೆ ತುರುಕಿದ್ದೀಯಲ್ಲ, ಅದಕ್ಕೇ ಕೆಳಗಿನ ಸ್ವರ ಗುಮ್ಮಂತ ಬರ್ತಿರೋದು.

“ಬೆಸುಗೆ ನನಗೆ ಬರಲ್ಲ ಆಂಟಿ, ರೆಡಿಮೇಡೇ ತಗೋತೀನಿ.”

ಬೇಡ, ಸಾಮಾನು ತಂದುಕೊಡು, ನಾನು ಹಾಕಿಕೊಡ್ತೀನಿ. ನನ್ನ ಹತ್ತಿರ 25 ವ್ಯಾಟಿನ ಸೋಲ್ಡ್ರಾನ್ ಐರನ್ ಇನ್ನೂ ಇದೆ, ಅದರ ಬಿಟ್ ಮಾತ್ರ ಹೊಸದು ಹಾಕಬೇಕು. ಲೆಡ್ ತರೋವಾಗ 63/37 ಅಂತ ಕೇಳು, ಅದು ಕರಗಿದ್ದು ಒಂದೇ ಸಲಕ್ಕೆ ಗಟ್ಟಿಯಾಗುತ್ತೆ, ಡ್ರೈ ಸೋಲ್ಡರ್ ಆಗೋದು ಕಮ್ಮಿ. ಈಗಲೇ ಒಳಗೆ ಹೋಗಿ ಟೇಪು ತಗೊಂಡು ಪೆಟ್ಟಿಗೆಗಳ ಹಿಂದಿನ ದೂರ ಅಳೆದುಕೊಂಡು ಬಾ. ಅರ್ಧ ಮೀಟರ್ ಸಾಕಾಗೋ ಕಡೆ ಒಂದೂವರೆ ಹಾಕಿ ಸುರುಳಿ ಸುತ್ತಿಡೋದು ಬೇಡ. ಕರೆಂಟಿನ ವೈರೂ ಇದೂ ಒಟ್ಟಿಗೆ ಕಟ್ಟೋದೂ ಬೇಡ, ದಾಟಲೇಬೇಕಾದ್ರೆ ಅಡ್ಡಕ್ಕೆ ದಾಟಲಿ. ಪಿನ್ನು ನಾಲ್ಕರ ಬದಲು ಐದು ತಾ, ಕೆಂಪು ಗುರುತಿನದ್ದು ಎರಡು ಇರಲಿ. ಮತ್ತೆ ನೀನೇ ಒಂದು ತುದಿ ಹಾಕಿ ಕಲೀತೀನಿ ಅಂದ್ರೆ ಬಾ, ಕಲಿಸ್ತೀನಿ, ಕಷ್ಟ ಏನಿಲ್ಲ. ಆದರೆ ಪಿನ್ನಿನ ಕ್ಯಾಪನ್ನ ಮೊದಲೇ ವೈರಿಗೆ ತೂರಿಸಿ ಆಮೇಲೆ ಕಾಯಿಸೋಕೆ ಶುರು ಮಾಡು. ಬೆಸುಗೆ ಆದ ಮೇಲೆ ಅದು ಆ ಕಡೆಯಿಂದ ಹೋಗಲ್ಲ, ಮತ್ತೆ ಎಲ್ಲಾ ಬಿಚ್ಚಬೇಕಾಗುತ್ತೆ.